ಕೆಂಪು ಕೊಡೆಯ ಬೆನ್ನುಹತ್ತಿ ಮೂರು ದೇಶ

ನನಗೆ ದಾರಿ ಕೇಳುವ ಅಭ್ಯಾಸವಿಲ್ಲ. ಕೇಳಿದರೆ ಹೇಳುವವರಿಗೆ ತೊಂದರೆ. ಕೇಳಿಸಿಕೊಂಡು ಮುಂದಿನ ತಿರುವಿನಲ್ಲೇ ಮರೆತುಬಿಡುವ ನನಗೆ ಅವಮಾನ. ಅದಕ್ಕೆ ಬದಲಾಗಿ ಯಾರು ತಲೆಯೆತ್ತಿಕೊಂಡು ಗಟ್ಟಿ ಹೆಜ್ಜೆ ಹಾಕುತ್ತಿದ್ದಾರೋ ಅಂಥವರೊಬ್ಬರನ್ನು ಆರಿಸಿಕೊಂಡು ಅವರ ಬೆನ್ನು ಹತ್ತುತ್ತೇನೆ. ಹೀಗೆ ಒಮ್ಮೆ ಯಶವಂತಪುರದ ರೈಲ್ವೆ ಸ್ಟೇಷನ್ನಿನಲ್ಲಿಳಿದು, ತಲೆಯ ಮೇಲೆ ಟ್ರಂಕು ಹೊತ್ತ ಒಬ್ಬ ಮಹಾನುಭಾವರ ಹಿಂದೆ ನಡೆದೂ ನಡೆದೂ ಅವರ ಮನೆಯ ಬಾಗಿಲಿಗೇ ಹೋಗಿ ನಿಂತಿದ್ದೆ. ಅವರು ಟ್ರಂಕು ಇಳಿಸಿ, "ಯಾರ್ ಬೇಕಿತ್ತು?" ಎಂದರು. ಯಾರೂ ಬೇಕಾಗಿರಲಿಲ್ಲ. ಅವರ ಮನೆಯಾಕೆ ನನ್ನನ್ನು ಗಂಡನ ಸ್ನೇಹಿತನೆಂದು ತಿಳಿದು ಕಾಫಿ ಕೊಟ್ಟರು, ಕುಡಿದು ಬಂದೆ. ಮತ್ತಿಕೆರೆಯ ನಮ್ಮ ಮನೆಯಲ್ಲಿ ಈ ಸುದ್ದಿ ಹೇಳಿದಾಗ ಅವ್ವ, "ನೀನು ಕುರಿ ಮಂದೇಲಿ ಉಟ್ಬೇಕಾಗಿತ್ತು ಕಣ್ಲಾ, ಅಪ್ಪಿತಪ್ಪಿ ನನ್ ಒಟ್ಟೇಲಿ ಉಟ್ಟಿದೀಯ" ಎಂದು ಒಂದೇ ಮಾತಿನಲ್ಲಿ ಮುಗಿಸಿದಳು.

ಇಂಥ ನನ್ನನ್ನು ಅರವತ್ತರ ದಶಕದಲ್ಲಿ ನಮ್ಮ ಕಾರ್ಖಾನೆಯವರು ಜರ್ಮನಿಗೆ ಕಳಿಸಿದರು. ಯಶವಂತಪುರದ ಆಚೆ ಆಗತಾನೆ ತಲೆಯೆತ್ತಿದ ಕಾರ್ಖಾನೆ ಅದು. ಹೊಸ ಯಂತ್ರಗಳು ಬರುವುದಿದ್ದವು. ಅವುಗಳ ಕೆಲಸ ಕಲಿತು ಬರಬೇಕೆಂದು ನನ್ನನ್ನೂ ಹೆಬ್ಬಾಳದ ಬಷೀರ್ ಸಾಬರನ್ನೂ ಆರಿಸಿದರು. ಬಷೀರ್ ಸಾಬರು ನನಗಿಂತ ವಯಸ್ಸಿನಲ್ಲಿ ಸ್ವಲ್ಪ ದೊಡ್ಡವರು, ಎಚ್ಚರಿಕೆಯಲ್ಲಿ ಬಹಳ ದೊಡ್ಡವರು. ಹೊರಡುವ ದಿನ ಅವ್ವ ಅವರ ಎರಡೂ ಕೈ ಹಿಡಿದುಕೊಂಡು, "ಸಾಬ್ರೇ, ಇವ್ನ ಒಬ್ನೇ ಎಲ್ಗೂ ಬಿಡ್ಬೇಡಿ" ಎಂದಿದ್ದಳು. ಅಂದಿನಿಂದ ನನ್ನ ಪಾಸ್‌ಪೋರ್ಟು ಅವರ ಕೋಟಿನ ಒಳಜೇಬಿನಲ್ಲಿ, ಗುಂಡಿ ಹಾಕಿಸಿಕೊಂಡು, ಅವರ ಪಾಸ್‌ಪೋರ್ಟಿನ ಜೊತೆ ಸಂಸಾರ ಮಾಡುತ್ತಿತ್ತು. ಜರ್ಮನ್ ಭಾಷೆಯನ್ನು ನಾವು ಕಲಿತದ್ದು ಲೋಹ ಕಡೆಯುವ ಲೇತ್ ಯಂತ್ರದ ಮುಂದೆ ನಿಂತು. ತಿರುಪು, ಎಣ್ಣೆ, ಸಡಿಲ, ಬಿಗಿ, ತಪ್ಪು ಅಳತೆ, ಬಿಡಿಭಾಗ, ಯಂತ್ರ ನಿಲ್ಲಿಸು - ಇಷ್ಟು ಚೆನ್ನಾಗಿ ಬರುತ್ತಿತ್ತು. ಇದರಾಚೆಗೆ ಯಾರು ಏನು ಹೇಳಿದರೂ ನಾನು "ಯಾ, ಯಾ" ಅನ್ನುತ್ತಿದ್ದೆ. ಹೌದು, ಹೌದು ಎಂದರ್ಥ. ಹೌದು ಅಂದವನನ್ನು ಯಾವ ದೇಶದಲ್ಲೂ ಮತ್ತೆ ಪ್ರಶ್ನೆ ಕೇಳುವುದಿಲ್ಲ.

ನಾವಿದ್ದ ಊರಿನ ಹತ್ತಿರ ಒಂದು ಭಾರಿ ಸರೋವರ. ನಮ್ಮ ಹೆಬ್ಬಾಳದ ಕೆರೆಯ ದಡವನ್ನು ಸುತ್ತಲಿನ ಹಳ್ಳಿಗಳು ಹಂಚಿಕೊಂಡಂತೆ ಅದರ ದಡವನ್ನು ಮೂರು ದೇಶಗಳು ಹಂಚಿಕೊಂಡಿದ್ದವು. ಭಾನುವಾರ ಬೆಳಿಗ್ಗೆ ಜರ್ಮನಿಯಲ್ಲಿ ಬಸ್ಸು ಹತ್ತಿದರೆ ಸ್ವಿಟ್ಜರ್ಲೆಂಡಿನಲ್ಲಿ ಜಲಪಾತ, ಆಸ್ಟ್ರಿಯಾದಲ್ಲಿ ಸಂಜೆಯ ಕಾಫಿ, ಕತ್ತಲಾಗುವ ಹೊತ್ತಿಗೆ ವಾಪಸ್ಸು ಜರ್ಮನಿ. ಜೊತೆಗೆ ಗೈಡ್ ಬೇರೆ. ಇದನ್ನು ಕೇಳಿದ ಮೇಲೆ ಆ ವಾರವಿಡೀ ನನ್ನ ಕೈ ಲೇತಿನ ಮೇಲಿದ್ದರೂ ಮನಸ್ಸು ಬಸ್ಸಿನ ಕಿಟಕಿಯಲ್ಲೇ ಇತ್ತು. ಬಷೀರ್ ಸಾಬರು ನನಗಿಂತ ಹೆಚ್ಚು ಉಬ್ಬಿಹೋಗಿದ್ದರು. "ಗೌಡ್ರೇ, ನಮ್ ಹೆಬ್ಬಾಳದಿಂದ ಸಿಟಿ ಮಾರ್ಕೆಟ್ಟಿಗೆ ಹೋಗಿ ಬರೋಕೇ ಒಂದ್ ದಿನ ಬೇಕಲ್ರೀ. ಇಲ್ಲಿ ಮೂರ್ ಮುಲ್ಕು ತಿರುಗಿ ಬರೋದಂತೆ. ಊರಲ್ಲಿ ಹೇಳಿದ್ರೆ ನಂಬ್ತಾರಾ?" ಎಂದು ದಿನಕ್ಕೊಮ್ಮೆ ಕೇಳುತ್ತಿದ್ದರು. ನಂಬುವುದಿಲ್ಲ ಎಂಬುದೇ ಇಬ್ಬರಿಗೂ ಪರಮ ಸಂತೋಷದ ವಿಷಯವಾಗಿತ್ತು.

ಭಾನುವಾರ ಬಂತು. ಇಬ್ಬರೂ ಸೂಟು ಹಾಕಿ, ಚಪಾತಿ ಮತ್ತು ಆಲೂಗಡ್ಡೆ ಪಲ್ಯ ಕಟ್ಟಿಕೊಂಡು, ಬಸ್ಸಿಗಿಂತ ಮೊದಲೇ ಬಸ್ಸಿನ ಜಾಗದಲ್ಲಿದ್ದೆವು. ಗಡಿಯೆಂದರೆ ನನ್ನ ಕಲ್ಪನೆಯಲ್ಲಿ ಕೋಟೆ, ಬಂದೂಕು, ಕಂದಕ. ನಮ್ಮ ಹೊಲದ ಬದುವಿನ ವಿಷಯದಲ್ಲೇ ಅಪ್ಪನೂ ಪಕ್ಕದ ಹೊಲದ ಮುನಿಶಾಮಣ್ಣನೂ ವರ್ಷಗಟ್ಟಲೆ ಮಾತು ಬಿಟ್ಟಿದ್ದವರು. ಇನ್ನು ಎರಡು ದೇಶಗಳ ನಡುವಿನ ಬದು ಎಂಥದಿರಬೇಕು? ನೋಡಿದರೆ ರಸ್ತೆಗೆ ಅಡ್ಡಲಾಗಿ ಪಟ್ಟೆ ಬಳಿದ ಒಂದು ಕಂಬ. ಟೋಪಿ ಹಾಕಿದ ಅಧಿಕಾರಿ ಒಳಗೆ ಬಂದು, ಬಷೀರ್ ಸಾಬರು ಜೇಬಿನ ಗುಂಡಿ ಬಿಚ್ಚಿ ಕೊಟ್ಟ ಎರಡು ಪಾಸ್‌ಪೋರ್ಟುಗಳನ್ನು ತಿರುವಿಹಾಕಿ, ಶುಭದಿನ ಹೇಳಿ ಇಳಿದುಹೋದ. ಕಂಬ ಮೇಲೆದ್ದಿತು. ಆಚೆಗೂ ಅದೇ ಹುಲ್ಲು, ಅದೇ ಹಸು. ಆದರೂ ನಾವಿಬ್ಬರೂ ಒಬ್ಬರ ಕೈ ಒಬ್ಬರು ಕುಲುಕಿಕೊಂಡೆವು. ಬಸ್ಸಿನವರೆಲ್ಲ ತಿರುಗಿ ನೋಡಿದರು. ದಿನಾ ಗಡಿ ದಾಟುವವರಿಗೆ ಅದರ ರುಚಿ ಏನು ಗೊತ್ತು?

ಜಲಪಾತದ ಹತ್ತಿರ ಇಳಿದಾಗ ಸಣ್ಣಗೆ ಮಳೆ. ನಮ್ಮ ಗೈಡ್ ಒಬ್ಬ ಎತ್ತರದ ಹೆಂಗಸು. ಕೆಂಪು ಕೊಡೆಯೊಂದನ್ನು ಬಿಚ್ಚಿ ಎತ್ತಿಹಿಡಿದು, ಎಲ್ಲರೂ ಇದರ ಹಿಂದೆಯೇ ಬನ್ನಿ ಎಂದಳು. ಜೀವಮಾನದಲ್ಲಿ ನನಗೆ ಯಾರೂ ಇಷ್ಟು ಹಿತವಾದ ಆಜ್ಞೆ ಕೊಟ್ಟಿರಲಿಲ್ಲ. ಕೊಡೆಯ ಹಿಂದೆ ಹೋದೆ, ನಿಂತಾಗ ನಿಂತೆ, ಎಲ್ಲರೂ ನಕ್ಕಾಗ ನಕ್ಕೆ. ನೀರು ಬೀಳುವ ಅಬ್ಬರಕ್ಕೆ ಎದೆ ನಡುಗುತ್ತಿತ್ತು. ಬಷೀರ್ ಸಾಬರು ಸ್ವಲ್ಪ ದೂರದಲ್ಲಿ ಕಟಕಟೆ ಹಿಡಿದು, ಕಣ್ಣು ಮಿಟುಕಿಸದೆ ನಿಂತುಬಿಟ್ಟಿದ್ದರು. ನಾನೂ ಹಾಗೇ ನಿಂತು, ಮುಖ ಒರೆಸಿಕೊಂಡು ತಿರುಗಿದಾಗ ಕೆಂಪು ಕೊಡೆ ಮೆಟ್ಟಿಲು ಹತ್ತಿ ಹೋಗುತ್ತಿತ್ತು. ಜನರ ನಡುವೆ ಸಾಬರು ಕಾಣಲಿಲ್ಲ. ಆಗಲೇ ಮುಂದೆ ಹೋಗಿರಬೇಕೆಂದುಕೊಂಡು ಓಡಿದೆ. ಕೊಡೆ ಬಸ್ಸಿನ ಬಾಗಿಲಲ್ಲಿ ಮಡಿಚಿಕೊಂಡಿತು. ಹಿಂದಿನ ಬಾಗಿಲಿನಿಂದ ಹತ್ತಿ, ಖಾಲಿಯಿದ್ದ ಕಿಟಕಿ ಪಕ್ಕದ ಸೀಟಿನಲ್ಲಿ ಕುಳಿತೆ. ಮಳೆಯಲ್ಲಿ ನೆನೆದು ಬೆಚ್ಚಗಿನ ಬಸ್ಸಿನಲ್ಲಿ ಕುಳಿತವನಿಗೆ ನಿದ್ದೆ ಬರುವುದಕ್ಕೆ ಯಾವ ದೇಶದ ಅಪ್ಪಣೆಯೂ ಬೇಕಿಲ್ಲ.

ಎಚ್ಚರವಾದಾಗ ಪಕ್ಕದಲ್ಲಿ ಬಷೀರ್ ಸಾಬರ ಬದಲು ಬೆಳ್ಳಿಗೂದಲಿನ ಒಬ್ಬ ಅಜ್ಜಿ ಕುಳಿತು ಸ್ವೆಟರ್ ಹೆಣೆಯುತ್ತಿದ್ದರು. ಸುತ್ತ ನೋಡಿದೆ. ಬಸ್ಸಿನ ತುಂಬ ಅಜ್ಜಿಯರು, ಅಲ್ಲಲ್ಲಿ ಒಬ್ಬೊಬ್ಬ ತಾತ. ನಮ್ಮ ಗೈಡ್ ಹೆಂಗಸಿನ ಜಾಗದಲ್ಲಿ ದಪ್ಪ ಮೀಸೆಯವನೊಬ್ಬ ನಿಂತು ಹಾಡು ಹೇಳಿಸುತ್ತಿದ್ದ. ಅವನ ಪಕ್ಕದಲ್ಲಿ ಮಡಿಸಿಟ್ಟ ಕೆಂಪು ಕೊಡೆ. ನಾನು ಹತ್ತಿದ್ದು ಬೇರೆ ಕೊಡೆಯ ಬೇರೆ ಬಸ್ಸು. ಅಜ್ಜಿಯ ಹೆಸರು ಮಾರ್ತಾ. ಅವರು ಏನೋ ಕೇಳಿದರು, "ಯಾ, ಯಾ" ಅಂದೆ. ಇನ್ನೇನೋ ಕೇಳಿದರು, ಮತ್ತೆ "ಯಾ" ಅಂದೆ. ಅವರು ಸಂತೋಷದಿಂದ ಕೇಕಿನ ತುಂಡು ಕೊಟ್ಟರು. ಆಮೇಲೆ ತಿಳಿದದ್ದು: ಅದೊಂದು ಚರ್ಚಿನ ಹಿರಿಯರ ಮಂಡಳಿ. ನೀವು ನಮ್ಮ ಪಾದ್ರಿಗಳ ಅತಿಥಿಯೇ ಎಂದು ಅವರು ಮೊದಲು ಕೇಳಿದ್ದು. ನನ್ನ ಗಂಡ ನಿಮಗೆ ತನ್ನ ಸೀಟು ಬಿಟ್ಟುಕೊಟ್ಟು ಹಿಂದೆ ಸ್ನೇಹಿತರ ಜೊತೆ ಕುಳಿತಿದ್ದಾನೆಯೇ ಎಂಬುದು ಎರಡನೆಯದು. ಎರಡಕ್ಕೂ ನಾನು ಹೌದೆಂದಿದ್ದೆ.

ಅಷ್ಟರಲ್ಲಿ ಬಸ್ಸು ನಿಂತಿತು. ಮತ್ತೆ ಪಟ್ಟೆಯ ಕಂಬ. ಆಸ್ಟ್ರಿಯಾದ ಗಡಿ. ಅಧಿಕಾರಿ ಒಬ್ಬೊಬ್ಬರ ಪಾಸ್‌ಪೋರ್ಟು ನೋಡುತ್ತ ನನ್ನ ಮುಂದೆ ಬಂದು ಕೈ ಚಾಚಿದ. ನಾನು ಜೇಬಿಗೆ ಕೈ ಹಾಕಿದೆ. ಸಿಕ್ಕಿದ್ದು ಒಂದು ಬಾಚಣಿಗೆ. ಮೀಸೆಯ ಗೈಡ್ ಓಡಿಬಂದು, ತಲೆ ಎಣಿಸಿದ್ದೇನೆ, ಲೆಕ್ಕ ಸರಿಯಾಗಿದೆ ಎಂದ. ಮಾರ್ತಾ ಎದ್ದುನಿಂತು ಹಿಂದಿನ ಸೀಟುಗಳನ್ನೆಲ್ಲ ಹುಡುಕಿ, ಓಟ್ಟೋ ಎಲ್ಲಿ, ನನ್ನ ಗಂಡ ಎಲ್ಲಿ ಎಂದರು. ಇಡೀ ಬಸ್ಸು ನನ್ನ ಕಡೆ ತಿರುಗಿತು, ನಾನೇ ಓಟ್ಟೋನನ್ನು ನುಂಗಿ ಕುಳಿತಿರುವಂತೆ. ಅಧಿಕಾರಿ ನನ್ನನ್ನು ಕೆಳಗಿಳಿಸಿ ಠಾಣೆಯೊಳಗೆ ಕರೆದುಕೊಂಡು ಹೋದ. ಯಾರು, ಎಲ್ಲಿಂದ, ಏಕೆ ಎಂದು ಕೇಳುತ್ತಿದ್ದಾನೆಂಬುದು ಮುಖದಿಂದ ಗೊತ್ತಾಯಿತು. ಊರು, ಮನೆ, ಅವ್ವ ಎಲ್ಲ ಕಣ್ಣಮುಂದೆ ಬಂದರು. ಜರ್ಮನ್ ಮಾತ್ರ ಬರಲಿಲ್ಲ. ಬಂದದ್ದು ಲೇತಿನ ಜರ್ಮನ್ ಒಂದೇ. ಧೈರ್ಯ ಮಾಡಿ ನನ್ನ ಎದೆ ಮುಟ್ಟಿಕೊಂಡು, "ಬಿಡಿಭಾಗ" ಅಂದೆ. ಕಿಟಕಿಯಾಚೆಯ ಬಸ್ಸು ತೋರಿಸಿ, "ತಪ್ಪು ಯಂತ್ರ" ಅಂದೆ. ಬಂದ ದಾರಿಯತ್ತ ಕೈ ಮಾಡಿ, "ಸರಿ ಯಂತ್ರ, ಹಿಂದೆ, ಹಿಂದೆ" ಅಂದೆ.

ಅಧಿಕಾರಿ ನನ್ನನ್ನೇ ನೋಡಿದ. ಆಮೇಲೆ ಅವನ ಹೆಗಲು ಅಲುಗತೊಡಗಿತು. ನಕ್ಕು ನಕ್ಕು ಟೋಪಿ ತೆಗೆದು ಮೇಜಿನ ಮೇಲಿಟ್ಟು, ಹಾಗಾದರೆ ಬಿಡಿಭಾಗ ಬೆಂಚಿನ ಮೇಲೆ ಕಾಯಲಿ ಎಂದ. ಜಲಪಾತ ನೋಡಿ ಬರುವ ಬಸ್ಸುಗಳೆಲ್ಲ ಇದೇ ದಾರಿಯಲ್ಲಿ ಬರಬೇಕಂತೆ. ಹಿರಿಯರ ಮಂಡಳಿ ಮುಂದಿನ ಊರಿನಲ್ಲಿ ಕಾಫಿ ಕುಡಿಯುತ್ತ ಕಾಯುವುದಾಗಿ ಹೇಳಿ ಹೊರಟಿತು. ಮಾರ್ತಾ ಹೋಗಲಿಲ್ಲ. ನನ್ನ ಪಕ್ಕ ಕುಳಿತು ಸ್ವೆಟರ್ ತೆಗೆದರು. ಓಟ್ಟೋ ಬಗ್ಗೆ ಚಿಂತೆಯೇ ಇಲ್ಲ, ಅವನು ಎಲ್ಲಿ ಹೋದರೂ ಇಷ್ಟೇ ಎಂಬಂತೆ ಕೈ ಬೀಸಿದರು. ಆದರೆ ನಾನು ನೋಡುತ್ತಿದ್ದೆ: ಒಂದು ಸಾಲು ಹೆಣೆದು, ತಪ್ಪಾಯಿತೆಂದು ಬಿಚ್ಚಿ, ಮತ್ತೆ ಅದನ್ನೇ ಹೆಣೆಯುತ್ತಿದ್ದರು. ರಸ್ತೆಯಲ್ಲಿ ಸದ್ದಾದಾಗಲೆಲ್ಲ ಸೂಜಿ ನಿಲ್ಲುತ್ತಿತ್ತು. ನನಗೂ ಸಮಾಧಾನದ ಜರ್ಮನ್ ಬರುತ್ತಿರಲಿಲ್ಲ. ಅವರ ಉಲ್ಲನ್ ಉಂಡೆಯನ್ನು ಕೈಯಲ್ಲಿ ಹಿಡಿದುಕೊಂಡು, ಬೇಕಾದಷ್ಟು ಬಿಡುತ್ತ ಕುಳಿತೆ.

ಬಹಳ ಹೊತ್ತಿನ ಮೇಲೆ ನಮ್ಮ ಬಸ್ಸು ಬಂತು. ಅದು ಪೂರ್ತಿ ನಿಲ್ಲುವ ಮೊದಲೇ ಬಷೀರ್ ಸಾಬರು ಇಳಿದರು. ಕಣ್ಣು ಕೆಂಪಗಿದ್ದವು. ಹತ್ತಿರ ಬಂದವರೇ ನನ್ನ ಎರಡೂ ಭುಜ ಹಿಡಿದು ಅಲುಗಿಸಿ ನೋಡಿದರು. "ಬದುಕಿದೀರಾ ಗೌಡ್ರೇ? ಒಂದ್ ಮಾತು ಹೇಳಿ ಹೋಗೋದಲ್ವೇನ್ರೀ? ನೀವು ಆ ನೀರಲ್ಲಿ ಹೋದ್ರಿ ಅಂತ ನಾನು ದುವಾನೂ ಓದಿಬಿಟ್ಟೆ," ಎಂದರು. ಸ್ವಲ್ಪ ಸಾವರಿಸಿಕೊಂಡು ಸಾಬರು, "ದುಃಖದಲ್ಲಿ ನಿಮ್ ಪಾಲಿನ ಚಪಾತೀನೂ ನಾನೇ ತಿಂದ್ಬಿಟ್ಟೆ, ಕ್ಷಮಿಸಿ" ಎಂದರು.

ಜಲಪಾತದ ಹತ್ತಿರ ನಡೆದದ್ದು ಇಷ್ಟು. ಬಸ್ಸು ಹೊರಡುವಾಗ ನಮ್ಮ ಗೈಡೂ ತಲೆ ಎಣಿಸಿದ್ದಳು, ಲೆಕ್ಕ ಸರಿಯಿತ್ತು. ಸಾಬರು ಎದ್ದುನಿಂತು, "ಲೆಕ್ಕ ಸರಿ, ಮನುಷ್ಯ ತಪ್ಪು" ಎಂದು ತಮಗೆ ಬರುವ ಜರ್ಮನ್ನಿನಲ್ಲಿ ಕೂಗಿ, ಡ್ರೈವರನ ಮುಂದೆ ಅಡ್ಡ ನಿಂತುಬಿಟ್ಟರು. ಪ್ರಯಾಣಿಕರೆಲ್ಲ ಇಳಿದು ಮಳೆಯಲ್ಲಿ ನದಿಯ ದಡ ಹುಡುಕಿದರು. ಸಾಬರು ಕಟಕಟೆ ಹಿಡಿದು ನೊರೆಯನ್ನೇ ನೋಡುತ್ತ, ನನ್ನ ಅವ್ವನಿಗೆ ಏನು ಹೇಳುವುದೆಂದು ಅಳುತ್ತಿದ್ದರಂತೆ. ಇಷ್ಟೆಲ್ಲ ಆಗುವಾಗ ಹಿಂದಿನ ಸೀಟಿನಲ್ಲಿ ಮುಖದ ಮೇಲೆ ಹ್ಯಾಟು ಮುಚ್ಚಿ ಮಲಗಿದ್ದ ತಾತನೊಬ್ಬ ಎದ್ದು, ಗದ್ದಲವೇನೆಂದು ವಿಚಾರಿಸಿ, ಆ ಭಾರತೀಯನೇ? ನನ್ನ ಹೆಂಡತಿಯ ಬಸ್ಸು ಹತ್ತಿದ್ದನ್ನು ನಾನೇ ನೋಡಿದೆ ಎಂದನಂತೆ. ನೋಡಿ ಏಕೆ ಹೇಳಲಿಲ್ಲ ಎಂದರೆ, ಅವಳ ಪಕ್ಕದ ಸೀಟು ತುಂಬಿತಲ್ಲ, ನಾನು ಒಂದು ದಿನ ಬೇರೆ ಬಸ್ಸಿನಲ್ಲಿ ಸುಮ್ಮನೆ ಮಲಗೋಣ ಎನ್ನಿಸಿತು ಎಂದನಂತೆ ಆ ಓಟ್ಟೋ.

ಈಗ ಓಟ್ಟೋ ನಿಧಾನವಾಗಿ ಬಸ್ಸಿಳಿದು ಬಂದು ಮಾರ್ತಾ ಎದುರು ಹ್ಯಾಟು ತೆಗೆದು ನಿಂತ. ಮಾರ್ತಾ ಎದ್ದು, ಹೆಣೆದಷ್ಟು ಸ್ವೆಟರನ್ನು ಅವನ ಎದೆಗೆ ಹಿಡಿದು ಅಳತೆ ನೋಡಿದರು. ಅವನ ಕೋಟಿನ ಕಾಲರು ಸರಿಮಾಡಿದರು. ಆಮೇಲೆ ಶುರುವಾದ ಬೈಗುಳ ಮುಂದಿನ ಊರಿನಲ್ಲಿ ಅವರಿಬ್ಬರನ್ನು ಇಳಿಸುವವರೆಗೂ ನಿಲ್ಲಲಿಲ್ಲ. ಅದರಲ್ಲಿ ನನಗೆ ಅರ್ಥವಾಗದ ಒಂದು ಪದವೂ ಇದ್ದಂತೆ ಅನ್ನಿಸಲಿಲ್ಲ. ಆಸ್ಟ್ರಿಯಾದ ಉಳಿದ ಭಾಗವನ್ನು ನಾನು ಬಷೀರ್ ಸಾಬರ ಮುಷ್ಟಿಯಲ್ಲಿ ನೋಡಿದೆ. ನನ್ನ ಕೋಟಿನ ಅಂಚನ್ನು ಅವರು ಜರ್ಮನಿ ಬರುವವರೆಗೂ ಬಿಡಲಿಲ್ಲ.

ಊರಿಗೆ ಬಂದ ಮೇಲೆ ಮೂರು ದೇಶಗಳ ಈ ಕಥೆಯನ್ನು ಕಾರ್ಖಾನೆಯ ಕ್ಯಾಂಟೀನಿನಲ್ಲಿ ನಾನೇ ಹೇಳಬೇಕೆಂದು ಬಹಳ ತಯಾರಿ ಮಾಡಿಕೊಂಡಿದ್ದೆ. ಹೇಳಿದೆ ಕೂಡ. ಆದರೆ ಜನ ಕೇಳುವುದು ಬಷೀರ್ ಸಾಬರ ಕಥೆಯನ್ನು. ನನ್ನ ಕಥೆಯಲ್ಲಿ ಏನಿದೆ, ಒಬ್ಬ ನಿದ್ದೆ ಹೊಡೆದ, ಎದ್ದ, ಬೆಂಚಿನ ಮೇಲೆ ಕೂತ. ಸಾಬರ ಕಥೆಯಲ್ಲಿ ಮಳೆಯಿದೆ, ನೊರೆಯಿದೆ, ಕಣ್ಣೀರಿದೆ, ಮುಕ್ಕಾಲು ಭಾಗ ನಾನು ಸತ್ತೇ ಇರುತ್ತೇನೆ. "ನಮ್ ಗೌಡ್ರು ಎಂಥಾ ಮನುಷ್ಯ ಅಂತೀರಾ, ಒಂದ್ ಇರುವೆಗೂ ನೋವು ಮಾಡಿದವರಲ್ಲ" ಎಂದು ಅವರು ಜಲಪಾತದ ಹತ್ತಿರ ದನಿ ತಗ್ಗಿಸಿದಾಗ ಇಡೀ ಕ್ಯಾಂಟೀನು ಕಾಫಿ ಮರೆತು ಕುಳಿತಿರುತ್ತದೆ. ಎದುರು ಬೆಂಚಿನಲ್ಲೇ ಇರುವ ನನ್ನತ್ತ ಯಾರೂ ನೋಡುವುದಿಲ್ಲ. ನೋಡದಿರುವುದೇ ಒಳ್ಳೆಯದು, ಏಕೆಂದರೆ ಅಷ್ಟು ಹೊತ್ತಿಗೆ ನನಗೂ ಕಣ್ಣು ಒದ್ದೆಯಾಗಿರುತ್ತದೆ. ಅಂಥ ಒಳ್ಳೆಯ ಮನುಷ್ಯ ಅಷ್ಟು ಬೇಗ ಹೋಗಬಾರದಿತ್ತು.