ಹೊರಗಿನಿಂದ ಕಿತ್ತ ರೆಕ್ಕೆ

ಹೆಂಡತಿಗೆ ನಾನಿನ್ನೂ ಕೊಡಬೇಕಾದ ಬಾಕಿ ಒಂದು ರೆಕ್ಕೆ. ಹಕ್ಕಿಯದಲ್ಲ, ಕಾರಿನದು. ಡಿಕ್ಕಿಯ ಮೇಲೆ ಬಾಲ ಎತ್ತಿದ ಹಾಗೆ ಅಡ್ಡಡ್ಡ ಕೂತಿರುತ್ತದಲ್ಲ, ಸ್ಪಾಯ್ಲರ್ ಅನ್ನುತ್ತಾರೆ, ಅದು. ಅವಳ ಹತ್ತೊಂಬತ್ತು ವರ್ಷದ ಕಾರಿಗೆ ಕಂಪನಿಯವರೇ ಕೂರಿಸಿ ಕಳಿಸಿದ್ದರು. ವೇಗ ನಲವತ್ತು ದಾಟಿದರೆ ಕೆಮ್ಮುವ ಗಾಡಿಗೆ ರೆಕ್ಕೆ ಯಾಕೆ ಬೇಕಿತ್ತೋ, ಅವರನ್ನೇ ಕೇಳಬೇಕು.

ಹೋದ ತಿಂಗಳು ಗಿರಣಿಯ ಹಳೆಯ ಸಂಗಾತಿಗಳ ಸಭೆಗೆ ಅದರಲ್ಲಿ ಹೋಗಿ ಇಳಿದೆ. ನೇಕಾರ ಗೆಳೆಯನೊಬ್ಬ ಡಿಕ್ಕಿ ಸವರಿ, "ನಾಯಕರಿಗೆ ರೆಕ್ಕೆ ಬಂದಿದೆ, ಇನ್ನು ನಮ್ಮ ಕೈಗೆ ಸಿಗಲ್ಲ ಬಿಡ್ರಪ್ಪ" ಅಂದ. ಸಭೆಗೆ ಸಭೆಯೇ ನಕ್ಕಿತು. ಲಾಠಿಗೆ ಬಗ್ಗದ ಬೆನ್ನು ಆ ನಗೆಗೆ ಉರಿಯಿತು. ನಿಂತಲ್ಲೇ ಘೋಷಿಸಿದೆ: ಭಾನುವಾರ ರೆಕ್ಕೆ ನೆಲಕ್ಕೆ! ಗಿರಣಿಯ ಕಬ್ಬಿಣದ ಗೇಟನ್ನೇ ಕೀಲಿನಿಂದ ಎತ್ತಿಟ್ಟವರಿಗೆ ಪ್ಲಾಸ್ಟಿಕ್ ಹಲಗೆ ಯಾವ ಮೂಲೆಗೆ?

ಹೆಂಡತಿ ನರ್ಸು. ಸೋಮವಾರ ಕಾರಿನ ತಪಾಸಣೆ. ಅದರಲ್ಲಿ ಪಾಸಾಗದಿದ್ದರೆ ಗಾಡಿ ರಸ್ತೆಗಿಳಿಯುವಂತಿಲ್ಲ. ಬೆಳಗ್ಗೆ ಆರಕ್ಕೆ ಆಸ್ಪತ್ರೆ ಮುಟ್ಟಲು ಅವಳಿಗೆ ಬೇರೆ ದಾರಿಯಿಲ್ಲ.

"ರೀ, ಸೋಮವಾರದವರೆಗೆ ಅದಕ್ಕೆ ಉಗುರೂ ತಾಗಿಸಬೇಡಿ" ಅಂದಳು.

ಉಗುರು ತಾಗಿಸಲಿಲ್ಲ. ಹಗ್ಗ ಕಟ್ಟಿದೆ.

ಭಾನುವಾರ ಐವರು ಸಂಗಾತಿಗಳು ಬಂದಿದ್ದರು. ಎದುರುಮನೆಯ ಮೆಕ್ಯಾನಿಕ್ ಹಲ್ಲುಜ್ಜುತ್ತಲೇ ಹೇಳಿದ: ಡಿಕ್ಕಿ ತೆರೆದು ಒಳಗಿನಿಂದ ನಾಲ್ಕು ನಟ್ಟು ಬಿಚ್ಚಿ, ರೆಕ್ಕೆಯೊಳಗಿನ ಬ್ರೇಕ್ ದೀಪದ ವೈರು ಕಳಚಿದರೆ ಹೂವಿನ ಹಾಗೆ ಬರುತ್ತದೆ. ನನಗೆ ಮೈ ಉರಿಯಿತು. ಆಡಳಿತದ ಒಳಗೆ ಸೇರಿಕೊಂಡೇ ಎಲ್ಲ ಸರಿಮಾಡುತ್ತೇವೆ ಅಂದವರನ್ನು ಕಂಡಿದ್ದೇನೆ. ಹೋದವರು ಅಲ್ಲೇ ಕುರ್ಚಿ ಹಾಕಿಕೊಂಡರು. ನಮ್ಮದೇನಿದ್ದರೂ ಹೊರಗಿನಿಂದ, ಬೀದಿಯಲ್ಲಿ, ಎಲ್ಲರೆದುರಿಗೆ ಅಂದೆ. ಅವನು ಬಾಯಿ ಮುಕ್ಕಳಿಸಿ ಒಳಗೆ ಹೋದ.

ಬ್ಯಾನರ್ ಕಟ್ಟುವ ಹಗ್ಗವನ್ನು ರೆಕ್ಕೆಗೆ ಬಿಗಿದು, ಆರೂ ಜನ ಹಿಂದೆ ಸಾಲಾಗಿ ನಿಂತೆವು. ನಾನು "ಬೇಕೇ ಬೇಕೇ?" ಅಂದರೆ ಅವರು "ಬೇಡವೇ ಬೇಡ" ಎಂದು ಜಗ್ಗಬೇಕು. ನಾಲ್ಕನೇ ಘೋಷಣೆಗೆ ಅದು ಅಲುಗಿತು. ಐದಕ್ಕೆ ಸಲೀಸಾಗಿ ಹೊರಟಿತು. ರೆಕ್ಕೆಯಲ್ಲ, ಕಾರು. ನಮ್ಮ ಬೀದಿ ಇಳಿಜಾರು. ಹ್ಯಾಂಡ್‌ಬ್ರೇಕ್ ಹಾಕುವುದು ಯಾರ ಹೊಣೆ ಎಂದು ಸಮಿತಿ ತೀರ್ಮಾನಿಸಿರಲಿಲ್ಲ. ಹೋರಾಟದ ಬದುಕಿನಲ್ಲಿ ಪೊಲೀಸರು ಅಟ್ಟಿಸಿಕೊಂಡು ಬಂದಿದ್ದಾರೆ, ನಾಯಿ ಬಂದಿದೆ. ಸ್ವಂತ ಮನೆಯ ಕಾರು ಬಂದಿದ್ದು ಅದೇ ಮೊದಲು. ಹಗ್ಗ ಬಿಡಬೇಕೆಂಬುದು ಒಬ್ಬರಿಗೂ ಹೊಳೆಯಲಿಲ್ಲ. ಹಿಡಿದದ್ದನ್ನು ಬಿಟ್ಟು ನಮಗೆ ಅಭ್ಯಾಸವಿಲ್ಲ.

ಒದ್ದೆ ಬಟ್ಟೆ ಹಿಂಡುತ್ತಿದ್ದ ಹೆಂಡತಿ ಓಡಿಬಂದು, ಕಾರಿನ ಬಾಗಿಲು ಎಳೆದು ತೆರೆದು, ಒಳಗೆ ಹಾರಿ ಬ್ರೇಕ್ ತುಳಿದಳು. ಕಾರು ನಿಂತಿತು. ನಾವು ನಿಲ್ಲಲಿಲ್ಲ. ರೆಕ್ಕೆಯ ಕೆಂಪು ದೀಪ ಒಮ್ಮೆ ಹೊತ್ತಿದ್ದಷ್ಟೇ ಕಂಡಿತು. ಮರುಕ್ಷಣ ರೆಕ್ಕೆ ಸಮೇತ ಆರೂ ಜನ ಚರಂಡಿಯಲ್ಲಿದ್ದೆವು. ರೆಕ್ಕೆ ನಮ್ಮ ಸಂಘಟನೆಯ ಹಾಗೆ ಎರಡು ಹೋಳಾಗಿತ್ತು. ಡಿಕ್ಕಿಯ ಮೇಲೆ ಉಳಿದದ್ದು ನಾಲ್ಕು ತೂತು, ಜೋಲುವ ವೈರು.

ತೂತು ಮುಚ್ಚಲು ನಮಗೆ ಗೊತ್ತಿರುವ ವಿದ್ಯೆ ಒಂದೇ: ಹಿಟ್ಟಿನ ಅಂಟು, ಹಳೆಯ ಭಿತ್ತಿಪತ್ರ. ಕೈಗೆ ಸಿಕ್ಕಿದ್ದನ್ನು ಬಳಿದು, ಅಂಗೈಯಲ್ಲಿ ತೀಡಿ, ಸೋಮವಾರ ತಪಾಸಣೆಗೆ ಒಯ್ದೆವು. ತಪಾಸಣೆ ಅಧಿಕಾರಿ ಕಾರಿನ ಹಿಂದೆ ನಿಂತು ಕನ್ನಡಕ ಏರಿಸಿ ಓದಿದ: "ಮುಚ್ಚಿಟ್ಟಿದ್ದು ಸಾಕು, ಬಯಲಿಗೆ ತನ್ನಿ." ಓದಿದವನು ಸುಮ್ಮನಿರಬಾರದೇ? ಉಗುರಿನಿಂದ ಸುಲಿದೇಬಿಟ್ಟ.

"ಮೂರನೇ ಬ್ರೇಕ್ ದೀಪ ಎಲ್ಲಿದೆಯಮ್ಮಾ? ಕಂಪನಿಯಿಂದ ಬಂದಿದ್ದು ಇರಲೇಬೇಕು."

"ಇವರ ಮೆರವಣಿಗೇಲಿ ಹೋಯ್ತು ಸಾರ್" ಅಂದಳು ಹೆಂಡತಿ.

ಗಾಡಿ ಫೇಲಾಯಿತು. ಮನೆಗೆ ಬಂದು ಅವಳು ನನ್ನದೇ ಸಂಘದ ಕಾಗದದಲ್ಲಿ ಬೇಡಿಕೆ ಬರೆದು ಫ್ರಿಜ್ಜಿಗೆ ಅಂಟಿಸಿದಳು. ರೆಕ್ಕೆ ವಾಪಸು ಬರುವವರೆಗೆ ಅವಳನ್ನು ಡ್ಯೂಟಿಗೆ ಮುಟ್ಟಿಸುವ ಹೊಣೆ ನನ್ನದು. ಮಾತುಕತೆಗೆ ಅವಕಾಶವಿಲ್ಲ.

ನನ್ನ ಬಳಿ ಇರುವುದು ಸೈಕಲ್ಲು. ಅವಳು ಹಿಂದೆ ಕ್ಯಾರಿಯರಿನ ಮೇಲೆ ಕೂರುತ್ತಾಳೆ. ಆಸ್ಪತ್ರೆಯ ಏರು ಬಂದಾಗ ಇಳಿ ಮಾರಾಯ್ತಿ ಅಂದರೆ, "ಧರಣಿ ಕೂತವರನ್ನ ಎಬ್ಬಿಸಬಾರದು, ನೀವೇ ಹೇಳ್ಕೊಟ್ಟಿದ್ದು" ಅನ್ನುತ್ತಾಳೆ.

ಇಂದಿಗೆ ಇಪ್ಪತ್ತಾರು ದಿನ. ಆದ್ದರಿಂದ ಓದುಗರೇ, ನಿಮ್ಮಲ್ಲಿ ಯಾರ ಶೆಡ್ಡಿನಲ್ಲಾದರೂ ಆ ಮಾಡೆಲಿನ ರೆಕ್ಕೆ, ದೀಪ ಸಮೇತ, ಬಿದ್ದಿದ್ದರೆ ತಂದುಕೊಡಿ. ಬಣ್ಣ ಯಾವುದಾದರೂ ಆಗಲಿ. ನಾನು ಡಿಕ್ಕಿಯೊಳಗೆ ಮಲಗಿ, ಒಳಗಿನಿಂದಲೇ ನಟ್ಟು ಬಿಗಿಯುತ್ತೇನೆ.