ಭಾವನ ಹೊಟ್ಟೆಯೂ ದೇಶದ ಗಡಿಯೂ

ನಮ್ಮ ಭಾವನ ಹೊಟ್ಟೆ ಎಲ್ಲಿಯವರೆಗೆ ಬರಬಹುದು, ಎಲ್ಲಿಂದಾಚೆಗೆ ಬರಕೂಡದು ಎಂದು ಭಾರತ ಸರ್ಕಾರವೇ ಗಡಿ ಗುರುತಿಸಿತ್ತು ಅಂದರೆ ನಂಬುತ್ತೀರಾ? ನಂಬಬೇಕು. ನಾನು ಅವರ ನಾದಿನಿ. ಭಾವಂದಿರ ವಿಷಯ ಬಂದಾಗ ನಾದಿನಿಯರು ಒಂದಿಷ್ಟು ಉಪ್ಪುಖಾರ ಸೇರಿಸುವುದುಂಟು, ಒಪ್ಪುತ್ತೇನೆ. ಆದರೆ ಈ ಹೊಟ್ಟೆಗೆ ನಾನು ಸೇರಿಸುವಂಥದ್ದು ಏನೂ ಉಳಿದಿರಲಿಲ್ಲ. ಅದೇ ಎಲ್ಲವನ್ನೂ ಸೇರಿಸಿಕೊಂಡು ಕೂತಿತ್ತು!

ಭಾವ ಹೊಳೆನರಸೀಪುರದ ಒಂದು ಕಚೇರಿಯಲ್ಲಿ ಗುಮಾಸ್ತರು. ವರ್ಷದ ಹತ್ತು ತಿಂಗಳು ಫೈಲುಗಳ ದೂಳು ಕುಡಿದು, ಉಳಿದೆರಡು ತಿಂಗಳು ಹಸಿರು ಬಟ್ಟೆ ತೊಟ್ಟು ಬಂದೂಕು ಹಿಡಿಯಲು ಹೋಗುತ್ತಿದ್ದರು. ಅಂದರೆ ಮೀಸಲು ಸೈನಿಕರು. ದೇಶ ನೆಮ್ಮದಿಯಾಗಿದ್ದಾಗ ಮನೆಯಲ್ಲಿರಬೇಕು, ಕರೆ ಬಂದಾಗ ಹೊರಡಬೇಕು. ನಮ್ಮಕ್ಕ ಇದನ್ನು ನೆರೆಯವರಿಗೆ ವಿವರಿಸುತ್ತಿದ್ದ ರೀತಿಯೇ ಬೇರೆ. "ಮದ್ವೆ ಮನೆ ಕೊಳದಪ್ಪಲೆ ಇಲ್ವಾ, ಅಂಗೆ. ದಿನಾ ಒಲೆ ಮೇಲೆ ಇಡಲ್ಲ. ಆದ್ರೆ ತೂತಾಗದಂಗೆ ನೋಡ್ಕಬೇಕು."

ತೂತಾಗಿದೆಯೋ ಇಲ್ಲವೋ ನೋಡಲು ವರ್ಷಕ್ಕೊಮ್ಮೆ ಸೈನ್ಯದ ಡಾಕ್ಟರು ಹಾಸನಕ್ಕೆ ಬರುತ್ತಿದ್ದರು. ಎತ್ತರಕ್ಕೆ ತಕ್ಕ ತೂಕ ಇರಬೇಕು, ಎದೆಗಿಂತ ಸೊಂಟ ಇಷ್ಟು ಕಮ್ಮಿ ಇರಬೇಕು, ತೋಳಿನ ಹಿಂದೆ ಇಕ್ಕುಳದಂಥದ್ದರಲ್ಲಿ ಹಿಡಿದರೆ ಕೊಬ್ಬು ಇಷ್ಟಕ್ಕಿಂತ ಸಿಕ್ಕಬಾರದು. ಮೀರಿದರೆ ಒಂದು ವರ್ಷ ಗಡುವು. ಮರುವರ್ಷವೂ ಮೀರಿದರೆ ಬಟ್ಟೆ ಬಿಚ್ಚಿಟ್ಟು ಮನೆಗೆ.

ಆ ಗಡುವು ಭಾವನಿಗೆ ಬಂದ ಕಥೆಯನ್ನು ಅವರೇ ಅಭಿನಯಿಸಿ ತೋರಿಸುತ್ತಿದ್ದರು. ಟೇಪು ಸೊಂಟಕ್ಕೆ ಬಂದಾಗ ಭಾವ ಉಸಿರೆಳೆದು ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿ ನಿಂತರಂತೆ. ಡಾಕ್ಟರು ಪಾಕಡಾ ಮನುಷ್ಯ. ಟೇಪನ್ನು ಹಾಗೇ ಹಿಡಿದುಕೊಂಡು ನಿಧಾನವಾಗಿ ಮಾತಿಗೆ ಶುರು ಮಾಡಿದರು. "ಮದುವೆ ಆಗಿದೆಯಾ?" ಭಾವ ತಲೆ ಆಡಿಸಿದರು. "ಮಕ್ಕಳು?" ಬೆರಳು ತೋರಿಸಿದರು. "ಯಾವೂರು?"

ಊರಿನ ಹೆಸರನ್ನು ಬೆರಳಲ್ಲಿ ಹೇಗೆ ತೋರಿಸುವುದು? "ಹೊಳೆ..." ಅಂತ ಶುರು ಮಾಡಿ, "ನರಸೀ..." ಅನ್ನುವಷ್ಟರಲ್ಲಿ ಉಸಿರು ಸಡಿಲವಾಗಿ, "ಪುರ" ಅನ್ನುವಾಗ ಹೊಟ್ಟೆ ತೂಬು ಎತ್ತಿದ ಕೆರೆಯ ಹಾಗೆ ಹೊರಗೆ ಬಂತು!

"ಆಲೂರಲ್ಲಿ ಉಟ್ಟಿದ್ರೆ ಪಾಸಾಗ್ತಿದ್ದೆ ಕಣಮ್ಮಿ," ಅಂತ ಭಾವ ನನ್ನ ಹತ್ತಿರ ನಿಟ್ಟುಸಿರುಬಿಟ್ಟರು. "ನಮ್ಮಪ್ಪ ಇಷ್ಟುದ್ದದ ಊರಲ್ಲಿ ಮನೆ ಕಟ್ಟಿ ನನ್ ಕೆಡಿಸ್ಬುಟ್ಟ."

ನಾವೆಲ್ಲ ನಕ್ಕೆವು. ಭಾವ ನಗಲಿಲ್ಲ. ಮರುದಿನ ಬೆಳಿಗ್ಗೆ ಎದ್ದವರೇ ನಡೆಯಲು ಶುರು ಮಾಡಿದರು.

ನಡೆಯುವುದು ದೊಡ್ಡ ವಿಷಯವೇ ಅಂತ ನೀವು ಕೇಳಬಹುದು. ನಮ್ಮ ಕಡೆ ದೊಡ್ಡ ವಿಷಯವೇ! ಇಸ್ತ್ರಿ ಅಂಗಿ ಹಾಕಿದ ಗಂಡಸು ರಸ್ತೆಯಲ್ಲಿ ಸುಮ್ಮನೆ ನಡೆಯುತ್ತಿದ್ದಾನೆ ಅಂದರೆ ಒಂದೋ ಗಾಡಿ ಕೆಟ್ಟಿದೆ, ಇಲ್ಲಾ ತಲೆ ಕೆಟ್ಟಿದೆ. ಹಳ್ಳಿಮೈಸೂರಿನ ರಸ್ತೆಯಲ್ಲಿ ಹಾದುಹೋಗುವ ಪ್ರತಿ ಬೈಕು ನಿಲ್ಲುತ್ತಿತ್ತು. "ಬನ್ನಿ ಸಾ, ಬುಟ್ಬುಟ್ಟು ಓಯ್ತೀನಿ." ಭಾವ ಕೈಮುಗಿದು ಕಳಿಸುತ್ತಿದ್ದರು. ಇಷ್ಟು ಜನ ಕರೆದರೂ ಹತ್ತದವನು ಯಾರ ಮೇಲೋ ಸಿಟ್ಟಾಗಿರಲೇಬೇಕಲ್ಲ? ಗಂಡ ಹೆಂಡಿರ ಜಗಳ ಎಂಬ ಸುದ್ದಿ ಹಳ್ಳಿಮೈಸೂರಿನ ನಮ್ಮ ತವರಿಗೆ ಮುಟ್ಟಿತು. ನಮ್ಮಪ್ಪ ಇಬ್ಬರು ಹಿರಿಯರನ್ನು ಕಟ್ಟಿಕೊಂಡು ರಾಜಿ ಮಾಡಿಸಲು ಬಂದೇಬಿಟ್ಟರು. ಭಾವ ಅವರಿಗೆ ಕಾಫಿ ಕೊಡಿಸಿ, "ನಡ್ಕಂಡೇ ಮಾತಾಡಾಣ ಬನ್ನಿ ಮಾವ" ಅಂತ ಹೊರಡಿಸಿದರು. ಪಂಚಾಯ್ತಿಗೆ ಬಂದವರು ಮೂವರೂ ಮಂಡಿಗೆ ಎಣ್ಣೆ ಹಚ್ಚಿಸಿಕೊಂಡು ಬಸ್ಸು ಹತ್ತಿದರು!

ಎರಡನೆಯ ಹುಚ್ಚು ತೂಕದ್ದು. ಭಾವ ಎಲ್ಲಿ ತಕ್ಕಡಿ ಕಂಡರೂ ಹತ್ತಿ ನಿಲ್ಲುತ್ತಿದ್ದರು. ನಾನು ಆಗ ಹಾಸನದ ಶಾಲೆಯೊಂದರಲ್ಲಿ ಟೀಚರು. ಒಂದು ದಿನ ಭಾವನ ಜೊತೆ ಬಿತ್ತನೆ ಆಲೂಗಡ್ಡೆ ಮಾರುವ ಮಂಡಿಗೆ ಹೋಗಿದ್ದೆ. ಚಪ್ಪಲಿ ಬಿಟ್ಟರು, ವಾಚು ಬಿಚ್ಚಿದರು, ಕನ್ನಡಕವನ್ನೂ ನನ್ನ ಕೈಗೆ ಕೊಟ್ಟು ಮೂಟೆ ತೂಗುವ ತಕ್ಕಡಿಯ ಮೇಲೆ ನಿಂತರು. ತೂಗುತ್ತಿದ್ದವನು ಕಲ್ಲುಗಳನ್ನು ಇಟ್ಟೂ ಇಟ್ಟೂ ಕೊನೆಗೆ ಬಹಳ ಮರ್ಯಾದೆಯಿಂದ ಕೇಳಿದ: "ಸಾ, ಚೀಲದ ತೂಕ ಕಳೀಬೇಕಾ?"

ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ತೂಗುವ ಕಡೆಯೂ ಇದೇ ಗತಿ. ಆದರೆ ಅರಕಲಗೂಡಿನಲ್ಲಿ ಒಬ್ಬ ಶುಂಠಿ ವ್ಯಾಪಾರಿಯ ತಕ್ಕಡಿ ಮಾತ್ರ ಭಾವನ ಕಣ್ಣಿಗೆ ಧರ್ಮರಾಯನಂತೆ ಕಂಡಿತು. ಅಲ್ಲಿ ಅವರ ತೂಕ ಒಮ್ಮೆಗೇ ಇಳಿದುಹೋಗಿತ್ತು! ಭಾವ ಖುಷಿ ತಡೆಯಲಾರದೆ, "ಹಾಸನಕ್ಕಿಂತ ಎಷ್ಟ್ ಕಮ್ಮಿ ಬಂತು ನೋಡ್ರಪ್ಪಾ!" ಅಂತ ಕೂಗಿದರು. ಶುಂಠಿ ಮಾರಲು ಸಾಲು ನಿಂತಿದ್ದ ರೈತರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ಕ್ಷಣ ವ್ಯಾಪಾರಿಯ ಕೊರಳಪಟ್ಟಿ ಅವರ ಕೈಯಲ್ಲಿತ್ತು. "ಓಗ್ಲಿ ಬುಡ್ರಪ್ಪಾ, ಒಳ್ಳೆ ತಕ್ಕಡಿ" ಅಂತ ವ್ಯಾಪಾರಿಯ ಪರ ವಾದಿಸಿದವರು ಇಡೀ ಅರಕಲಗೂಡಿನಲ್ಲಿ ನಮ್ಮ ಭಾವ ಒಬ್ಬರೇ.

ಆದರೆ ನಿಜವಾದ ಅಗ್ನಿಪರೀಕ್ಷೆ ನಡೆದದ್ದು ಚನ್ನರಾಯಪಟ್ಟಣದ ಬೀಗರ ಊಟದಲ್ಲಿ. ನಮ್ಮ ಚಿಕ್ಕಪ್ಪನ ಮಗಳ ಮದುವೆಯಾಗಿ, ಗಂಡಿನ ಕಡೆಯವರು ಬಾಡೂಟಕ್ಕೆ ಕರೆದಿದ್ದರು. ಆ ಘಮಕ್ಕೆ ಬಸ್ಸುಗಳೇ ನಿಧಾನವಾಗಿ ಹೋಗುತ್ತಿದ್ದವು ಅಂದರೆ ಲೆಕ್ಕ ಹಾಕಿ! ಭಾವ ಎಲೆಯ ಮುಂದೆ ಕೂತರು. ಮುದ್ದೆ ಬಂತು, ಬೇಡ ಅಂದರು. ಸಾರು ಬಂತು, ಎಲೆಗೆ ಅಡ್ಡ ಕೈ ಹಿಡಿದರು. ಚಾಪ್ಸು ಬಂದಾಗ ಕಣ್ಣು ಮುಚ್ಚಿಕೊಂಡರು. ಸೌತೆಕಾಯಿ ಹೋಳು ತಿಂದು ನೀರುಮಜ್ಜಿಗೆ ಕುಡಿದರು.

ಬೀಗರಿಗೆ ಕೋಪ ನೆತ್ತಿಗೇರಿತು. "ಏನ್ ಗೌಡ್ರೆ, ನಮ್ಮನೆ ಊಟ ಸೇರಲ್ವಾ?"

"ಸೇರ್ತದೆ ಸ್ವಾಮಿ, ಸೇರಿ ಸೇರಿಯೇ ಇಂಗಾಗಿರದು. ಅಳತೆ ಕೊಡ್ಬೇಕು ನಾನು."

"ಯಾರಿಗೆ? ದರ್ಜಿಗಾ?"

"ಸರ್ಕಾರಕ್ಕೆ."

ಬೀಗರು ಸಾರಿನ ಬಕೆಟ್ಟನ್ನು ಎಲೆಯ ಹತ್ತಿರಕ್ಕೆ ತಂದಿಟ್ಟರು. "ಆ ಕುರಿ ನಿಮ್ಗೆ ಅಂತ್ಲೇ ಮೇಯ್ಸಿದ್ದು ಕಣ್ರೀ. ನೀವು ತಿನ್ನಲಿಲ್ಲ ಅಂದ್ರೆ ಅದು ಸತ್ತಿದ್ದೂ ದಂಡ ಆಗಲ್ವಾ?" ಅಂದರು. ಕುರಿಯ ಆತ್ಮಕ್ಕೆ ಶಾಂತಿ ಸಿಗಲೆಂದು ಭಾವ ಒಂದು ಮೂಳೆಯನ್ನು ಮೂಸಿ ಎಲೆಯ ತುದಿಯಲ್ಲಿಟ್ಟರು. ನಾನು ಕಣ್ಣಾರೆ ಕಂಡದ್ದು. ಅಂಥ ತಪಸ್ಸು ಋಷಿಗಳಿಂದಲೂ ಆಗದು!

ಇಷ್ಟೆಲ್ಲ ಆದರೂ ಹೊಟ್ಟೆ ಇಳಿಯುತ್ತಿದ್ದದ್ದು ಆಮೆಯ ವೇಗದಲ್ಲಿ. ಯಾಕೆ? ಬೇಸಿಗೆ ರಜೆಗೆ ಅಕ್ಕನ ಮನೆಗೆ ಹೋದಾಗ ಗುಟ್ಟು ಬಯಲಾಯಿತು. ಅಡುಗೆಮನೆಯಲ್ಲಿ ಅಕ್ಕ ಬಿಸಿ ಮುದ್ದೆ ಕಟ್ಟುತ್ತಿದ್ದಳು. ಒಂದು ಮುದ್ದೆಯ ನಡುವೆ ಹೆಬ್ಬೆರಳಿನಿಂದ ಗುಳಿ ಮಾಡಿ, ನಿಂಬೆಹಣ್ಣಿನಷ್ಟು ಬೆಣ್ಣೆ ಇಟ್ಟು, ಮೇಲೆ ಹಿಟ್ಟು ಸವರಿ ನುಣ್ಣಗೆ ಮಾಡಿದಳು. ಎತ್ತಿಗೆ ಔಷಧಿ ತಿನ್ನಿಸುವ ಹಾಗೆ!

"ಅಕ್ಕಾ, ಇದೇನೇ?"

ಅವಳು ಬೆಚ್ಚಿಬಿದ್ದಳು. ಆಮೇಲೆ ಸೆರಗಿನಲ್ಲಿ ಕೈ ಒರೆಸಿಕೊಂಡು ನಡುಮನೆಯ ಟಿವಿಯ ಕಡೆ ಗದ್ದ ತೋರಿಸಿದಳು. ಆ ವರ್ಷ ಟಿವಿ ಹಾಕಿದರೆ ಗಡಿಯದೇ ಸುದ್ದಿ. ಹಿಮದ ಗುಡ್ಡಗಳು, ತೋಪುಗಳು, ಬಾವುಟ ಹೊದಿಸಿದ ಪೆಟ್ಟಿಗೆಗಳು.

"ಅಳತೆ ಸರಿಯಾದ್ರೆ ತಾನೆ ಕರ್ಕಂಡೋಗದು?" ಅಂದಳು. "ದಪ್ಪಗಿದ್ರೆ ಮನೇಲಿರ್ತಾರೆ. ದಪ್ಪಗೇ ಇರ್ಲಿ."

ಆ ಮುದ್ದೆಯನ್ನು ನಾನೇ ಭಾವನ ತಟ್ಟೆಗಿಟ್ಟು ಹೊರಗೆ ಬಂದೆ.

ಮರುದಿನ ಬೆಳಿಗ್ಗೆ ಭಾವನ ಜೊತೆ ನಾನೂ ನಡೆಯಲು ಹೋದೆ. ಹೇಮಾವತಿ ಸೇತುವೆ ಬಂತು. ಮನೆಗೆ ತಿರುಗುವ ಹೊತ್ತಾಗಿತ್ತು. ಭಾವ ತಿರುಗಲಿಲ್ಲ, ಸೇತುವೆ ದಾಟಿ ಆಚೆ ಹೊರಟರು.

"ಭಾವ, ಸಾಕಲ್ವಾ?"

"ಇಲ್ಲೀಗಂಟ ನಡ್ದಿದ್ದು ಸರ್ಕಾರದ ಬಾಬ್ತು," ಅಂದರು. "ಇಲ್ಲಿಂದ ಆಚೆಗೆ ಬೆಣ್ಣೆ ಬಾಬ್ತು."

ನಾನು ನಿಂತುಬಿಟ್ಟೆ. ಭಾವ ನಕ್ಕರು. "ಮುದ್ದೆ ಮುರುದ್ರೆ ಒಳಗಿಂದ ಹೊಳೆ ಹರೀತದೆ. ನಾನು ಗುಮಾಸ್ತ ಕಣಮ್ಮಿ, ಕುರುಡ ಅಲ್ಲ."

"ಮತ್ತೆ ಯಾಕೆ ತಿಂತೀರಿ? ಬೇಡ ಅನ್ನಬಾರದಾ?"

"ಬ್ಯಾಡ ಅಂದ್ರೆ ಯಾಕೆ ಇಟ್ಟೆ ಅಂತ ಅವ್ಳು ಬಾಯ್ಬಿಡಬೇಕಾಯ್ತದೆ. ಬಾಯ್ಬಿಟ್ರೆ ಅಳ್ತಾಳೆ. ಇಟ್ಕಂಡ್ ಓಗ್ಲಿ, ಅವ್ಳಿಗೆ ಅಷ್ಟು ಧೈರ್ಯ ಇರ್ಲಿ. ನಾನು ಇನ್ನೊಂದ್ ಚೂರು ನಡೀತೀನಿ."

"ಅಷ್ಟು ಗೊತ್ತಿದ್ದೂ ಹೋಗಲೇಬೇಕಾ ಭಾವ? ನಿಮ್ಮನ್ನು ಯಾರೂ ಬಲವಂತ ಮಾಡಿಲ್ಲವಲ್ಲ."

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. "ಇಷ್ಟ್ ವರ್ಷ ಏನೂ ಇಲ್ದಾಗ ಓಗಿ ಪೆರೇಡು ಮಾಡಿ ಫೋಟೋ ಇಡಿಸ್ಕಂಡು ಬಂದೆ. ಈಗ ಕರೆಯೋ ಕಾಲ ಬಂದಾಗ, ಸಾ, ಹೊಟ್ಟೆ ಮುಂದೆ ಬಂದದೆ, ನಾನ್ ಬರಕ್ಕಾಗಲ್ಲ ಅಂತ ಹೇಳ್ಳಾ? ನಾಳೆ ಕನ್ನಡೀಲಿ ಮಕ ಎಂಗ್ ನೋಡ್ಕಳ್ಳಿ?"

ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವರ ಜೊತೆ ಹೆಜ್ಜೆ ಹಾಕಿದೆ.

ಆಷಾಢದ ಗಾಳಿ ಬೀಸುವ ಹೊತ್ತಿಗೆ ಅಳತೆಯ ದಿನ ಬಂತು. ಅಕ್ಕನೂ ಹಾಸನಕ್ಕೆ ಬಂದಳು, ದೇವಸ್ಥಾನಕ್ಕೆ ಹೋಗಬೇಕು ಅನ್ನುವ ನೆಪ ಹೇಳಿ. ಒಳಗೆ ಭಾವ ಸಾಲಿನಲ್ಲಿ ನಿಂತಿದ್ದರು. ಹೊರಗೆ ಹೊಂಗೆಮರದ ಕೆಳಗೆ ನಾವಿಬ್ಬರೂ ಕೂತಿದ್ದೆವು. ಅಕ್ಕ ಕಣ್ಣುಮುಚ್ಚಿ ಏನೋ ಗೊಣಗುತ್ತಿದ್ದಳು. ಅರ್ಧಕ್ಕೇ ನಿಲ್ಲಿಸಿದಳು.

"ಫೇಲಾಗ್ಲಿ ಅಂತ ಬೇಡ್ಕಳಾನ ಅಂತ ಬಂದೆ ಕಣೆ," ಅಂದಳು. "ಬಾಯೇ ಬತ್ತಿಲ್ಲ. ಪಾಪ, ಎಷ್ಟ್ ನಡುದ್ರು."

ಭಾವ ಹೊರಗೆ ಬಂದದ್ದೇ ಪೆರೇಡಿನ ನಡಿಗೆಯಲ್ಲಿ. ಡಾಕ್ಟರು ಟೇಪು ಹಿಡಿದು ಎರಡೆರಡು ಸಲ ನೋಡಿದರಂತೆ. ತೋಳು ಹಿಡಿದು, "ಏನ್ರೀ, ಎಲ್ಲಿ ಹೋಯ್ತು ನಿಮ್ಮ ಕೊಬ್ಬು?" ಅಂದರಂತೆ. "ಹಳ್ಳಿಮೈಸೂರು ರಸ್ತೇಲಿ ಚೆಲ್ಲಿ ಬಂದೆ ಸಾ, ಬೇಕಾದ್ರೆ ತರುಸ್ಕಳಿ" ಅಂದರಂತೆ ಇವರು! ಡಾಕ್ಟರು ನಕ್ಕು ಪಾಸು ಮಾಡಿದರು.

ಮುಂದೆ ಅವರು ಹೋದದ್ದು, ಉತ್ತರದಲ್ಲೆಲ್ಲೋ ಒಂದು ರೈಲು ಸೇತುವೆಯನ್ನು ಕಾದದ್ದು, ಮೈಯೆಲ್ಲ ಕಪ್ಪಾಗಿ ಕ್ಷೇಮವಾಗಿ ಬಂದದ್ದು, ಅದೆಲ್ಲ ಆಮೇಲಿನ ಮಾತು. ನನ್ನ ಕಣ್ಣಿಗೆ ಕಟ್ಟಿರುವುದು ಆ ಮಧ್ಯಾಹ್ನ.

ಬಸ್ ನಿಲ್ದಾಣದ ಹತ್ತಿರದ ಹೋಟೆಲಿಗೆ ಹೋದೆವು. ಭಾವ ಮೂರು ಮಸಾಲೆ ದೋಸೆ ಹೇಳಿದರು. ವರ್ಷದ ಉಪವಾಸ ಮುಗಿದಿದೆ, ತನ್ನದು ತಿಂದು ನಮ್ಮಿಬ್ಬರದಕ್ಕೂ ಕೈ ಹಾಕುತ್ತಾರೆ ಅಂದುಕೊಂಡು ನಾನು ನನ್ನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡೆ. ಅಕ್ಕ ದೋಸೆ ಮುಟ್ಟಲೇ ಇಲ್ಲ. ಮಡಿಲಲ್ಲಿ ಕೈ ಇಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದಳು.

ನಮ್ಮ ಭಾವ ಹೆಂಡತಿಯ ಪಕ್ಕ ಬಸ್ಸಿನ ಒಂದೇ ಸೀಟಿನಲ್ಲಿ ಕೂರಲೂ ನಾಚುವ ಮನುಷ್ಯ. ಅವರು ಆ ತುಂಬಿದ ಹೋಟೆಲಿನಲ್ಲಿ ತಮ್ಮ ದೋಸೆಯ ಗರಿಗರಿ ತುದಿಯನ್ನು ಮುರಿದು, ಪಲ್ಯ ಸೇರಿಸಿ, ಅಕ್ಕನ ಬಾಯಿಯ ಹತ್ತಿರ ಹಿಡಿದರು.

"ತಿನ್ನೇ," ಅಂದರು ಮೆಲ್ಲಗೆ. "ವರ್ಷದಿಂದ ನೀನೂ ಇಳ್ದೋಗಿದ್ದೀಯ. ನಿನ್ ಯಾರೂ ಅಳೀಲಿಲ್ಲ."

ನಾನು ಆಗ ಅಕ್ಕನ ಕಡೆ ನೋಡಿದೆ. ಕಣ್ಣೊರೆಸಿಕೊಳ್ಳಲು ಅವಳು ಕೈ ಎತ್ತಿದಾಗ ಮಣಿಕಟ್ಟಿನ ಬಳೆಗಳೆಲ್ಲ ಸರಸರನೆ ಮೊಣಕೈವರೆಗೆ ಜಾರಿಹೋದವು.