ಇಲಿ ಕಡಿದ ಪಾಸ್‌ಪೋರ್ಟು

ಮನುಷ್ಯ ನೌಕರಿಯಿಂದ ನಿವೃತ್ತನಾಗುತ್ತಾನೆ, ಆದರೆ ಅವನ ಕೈ ನಿವೃತ್ತವಾಗುವುದಿಲ್ಲ. ನಮ್ಮ ಓಣಿಯಲ್ಲಿ ಬಸ್ ಕಂಡಕ್ಟರ್ ಆಗಿದ್ದವರೊಬ್ಬರಿದ್ದಾರೆ. ಮದುವೆ ಊಟದ ಪಂಕ್ತಿಯಲ್ಲಿ ಎರಡು ಎಲೆಗಳ ನಡುವೆ ಚೂರು ಜಾಗ ಕಂಡರೂ ಸಾಕು, "ಒಳಗ ಸರೀರಿ, ಒಳಗ ಸರೀರಿ" ಎಂದು ಕೈ ಬೀಸುತ್ತಾರೆ. ನನ್ನ ಹೆಂಡತಿ ಶಕುಂತಲಾ ದಾಂಡೇಲಿಯ ಕನ್ನಡ ಶಾಲೆಯಲ್ಲಿ ಒಂದನೇ ಇಯತ್ತೆಗೆ ಕಲಿಸಿದವಳು. ಈಗಲೂ ಮನೆಗೆ ಬಂದ ಲಗ್ನಪತ್ರಿಕೆಯನ್ನು ಕೆಂಪು ಪೆನ್ನು ಹಿಡಿದೇ ಓದುತ್ತಾಳೆ. ನನ್ನದು ಇವರಿಬ್ಬರದಕ್ಕಿಂತ ಅಪಾಯದ ಚಟ. ನಾನು ಊರಿನ ಕಾಗದದ ಮಿಲ್ಲಿನಲ್ಲಿ ಮೂವತ್ತೆಂಟು ವರ್ಷ, ತಯಾರಾದ ಕಾಗದವನ್ನು ಪರೀಕ್ಷಿಸುವ ಕೆಲಸ ಮಾಡಿದವನು. ಕಾಗದ ಕಂಡರೆ ನನ್ನ ಬೆರಳು ನನ್ನ ಮಾತು ಕೇಳುವುದಿಲ್ಲ.

ಇದಕ್ಕೆಲ್ಲ ಕಾರಣ ನಮ್ಮ ಸಾವಂತ ಮಾಮಾ. ನಾನು ಇಪ್ಪತ್ತೆರಡರ ಹರೆಯದಲ್ಲಿ ಕೆಲಸಕ್ಕೆ ಸೇರಿದಾಗ ನನಗೆ ಪಾಠ ಹೇಳಿಕೊಟ್ಟವರು ಅವರು. ಅರ್ಧ ಮರಾಠಿ, ಅರ್ಧ ಕನ್ನಡ, ಬಾಯಿ ತುಂಬ ಎಲೆಯಡಿಕೆ. ಮಿಲ್ಲಿನ ಸೈರನ್ನು, ನಮ್ಮ ಬಾಯಲ್ಲಿ ಭೋಂಗಾ, ಬೆಳಿಗ್ಗೆ ಕೂಗುವ ಮೊದಲೇ ಬಂದು ಕಿಟಕಿಯ ಪಕ್ಕದ ಮೇಜು ಹಿಡಿಯುತ್ತಿದ್ದರು. "ಬಾಳ, ಯಂತ್ರಾ ಸಾವಿರ ಇರಲಿ, ಕಾಗದಕ್ಕ ಮೂರ ಪರೀಕ್ಷಾ. ಬೆಳಕಿಗಿ ಹಿಡಿ, ಕಿವಿಗಿ ಹಿಡಿ, ಹರದು ನೋಡು" ಎನ್ನುತ್ತಿದ್ದರು. ಬೆಳಕಿಗೆ ಹಿಡಿದರೆ ನಾರು ಸಮವಾಗಿ ಹರಡಿದೆಯೋ ಗಂಟುಗಂಟಾಗಿದೆಯೋ ಕಾಣುತ್ತದೆ. ಕಿವಿಯ ಹತ್ತಿರ ಅಲುಗಿಸಿದರೆ ಒಳ್ಳೆಯ ಕಾಗದ ಹಪ್ಪಳದ ಹಾಗೆ ಸದ್ದು ಮಾಡುತ್ತದೆ. ಇನ್ನು ಮೂಲೆಯನ್ನು ಚೂರು ಹರಿದರೆ, ಯಾವ ಕಡೆ ನೆಟ್ಟಗೆ ಹರಿಯಿತು, ಯಾವ ಕಡೆ ಅಡ್ಡಾದಿಡ್ಡಿ ಹೋಯಿತು ಎಂಬುದರಲ್ಲೇ ಅದರ ಜಾತಕವೆಲ್ಲ ತಿಳಿಯುತ್ತದೆ.

ಜಾತಕ ಎಂದ ಕೂಡಲೇ ಹೆಂಡತಿಯ ತವರೂರು ತೇರಗಾಂವ ನೆನಪಾಗುತ್ತದೆ. ಶಕುಂತಲೆಯನ್ನು ನೋಡಲು ಹೋದ ದಿನ ಅವಳ ಅಪ್ಪ ಮಗಳ ಜಾತಕವನ್ನು ನನ್ನ ಕೈಗೇ ಕೊಟ್ಟುಬಿಟ್ಟರು. ನಾನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದೆ. ನೋಡುತ್ತೇನೆ, ನಮ್ಮ ಮಿಲ್ಲಿನದೇ ಕಾಗದ! ಪರವೂರಿನ ಸಂತೆಯಲ್ಲಿ ಸ್ವಂತ ತಮ್ಮ ಸಿಕ್ಕಷ್ಟು ಸಂತೋಷವಾಯಿತು. ಅಷ್ಟರಲ್ಲಿ ಹುಡುಗಿ ಚುರುಮುರಿಯ ತಾಟು ಇಟ್ಟು ಒಳಗೆ ಹೋಗಿಯೂ ಆಗಿತ್ತು. "ಹೆಂಗ ಅನಸ್ತಪಾ?" ಎಂದು ಮಾವನವರು ಕೇಳಿದಾಗ ನಾನು ಕಾಗದದ ಮೇಲಿನ ಕಣ್ಣು ತೆಗೆಯದೆ, "ಏ-ಒನ್ ಐತ್ರಿ" ಎಂದೆ. ಆಮೇಲೆ ಅವರು ಊರ ತುಂಬ ಹೇಳಿಕೊಂಡು ಬಂದರಂತೆ, "ಹುಡುಗ ಭಾರಿ ಚೊಕ್ಕ ಅದಾನ. ಜಾತಕದಾಗ ತಿದ್ದಿದ್ದು ಏನರ ಐತೇನಂತ ಬೆಳಕಿಗಿ ಹಿಡದು ನೋಡಿದಾ!" ಆ ಒಳ್ಳೆಯ ಹೆಸರನ್ನು ಕೆಡಿಸಬಾರದೆಂದು ನಾನು ಸುಮ್ಮನಿದ್ದೆ. ಸುಮ್ಮನಿರುವ ಅಭ್ಯಾಸ ಅಲ್ಲಿಂದಲೇ ಶುರುವಾದದ್ದು.

ಹತ್ತು ವರ್ಷದ ಹಿಂದೆ, ನಾನು ನಿವೃತ್ತನಾದ ಹೊಸತರಲ್ಲಿ, ನೇಪಾಳಕ್ಕೆ ಹೋಗುವುದೆಂದು ಗಂಡಹೆಂಡತಿ ಪಾಸ್‌ಪೋರ್ಟು ಮಾಡಿಸಿದೆವು. ಮಾಡಿಸಿದ ಮೇಲೆ ಗೊತ್ತಾಯಿತು, ನೇಪಾಳಕ್ಕೆ ಪಾಸ್‌ಪೋರ್ಟು ಬೇಡವೇ ಬೇಡವಂತೆ. ಅಷ್ಟು ಕಷ್ಟಪಟ್ಟು ಮಾಡಿಸಿದ್ದನ್ನು ಬೇಡವೆನ್ನುವ ದೇಶಕ್ಕೆ ಹೋಗುವುದು ಹೇಗೆಂದು ನನಗೆ ಸಿಟ್ಟು ಬಂತು. ಅದರ ಜೊತೆಗೆ ಮೊಣಕಾಲು ನೋವೂ ಬಂತು. ನೇಪಾಳ ಅಲ್ಲಿಗೇ ಉಳಿಯಿತು. ಆದರೆ ಪಾಸ್‌ಪೋರ್ಟು ಬಂದ ದಿನದ ಮಾತು ಹೇಳಬೇಕು. ಶಕುಂತಲಾ ಶಾಲೆಗೆ ಹೋಗಿದ್ದಳು. ನಾನೊಬ್ಬನೇ ಕಿಟಕಿಯ ಹತ್ತಿರ ಕೂತು ನನ್ನದನ್ನು ತೆರೆದೆ. ಅಂಥ ಕಾಗದ ನನ್ನ ಸರ್ವೀಸಿನಲ್ಲೇ ನೋಡಿರಲಿಲ್ಲ. ಬೆಳಕಿಗೆ ಹಿಡಿದರೆ ಒಳಗೆ ಚಿತ್ರವೇ ಮೂಡಿತು. ಕಿವಿಗೆ ಹಿಡಿದರೆ ಗರಿಗರಿ ಸದ್ದು. ಸಾವಂತ ಮಾಮಾ ಬದುಕಿರಬೇಕಿತ್ತು ಅಂದುಕೊಂಡೆ. ಕಣ್ಣು ತುಂಬಿ ಬಂದವು. ಕಣ್ಣು ಒರೆಸಿಕೊಂಡು ನೋಡಿದರೆ ಖಾಲಿ ಪುಟವೊಂದರ ಮೂಲೆ, ಉಗುರಿನಷ್ಟು, ನನ್ನ ಬೆರಳಿನ ನಡುವೆ ಇತ್ತು.

ಸಂಜೆ ಹೆಂಡತಿಗೆ ಹೇಳಿಬಿಡಬೇಕೆಂದು ಗಟ್ಟಿ ಮನಸ್ಸು ಮಾಡಿ, ಎರಡೂ ಪಾಸ್‌ಪೋರ್ಟುಗಳನ್ನು ಅವಳ ಟ್ರಂಕಿನಲ್ಲಿಟ್ಟೆ. ಸಂಜೆ ಆಯಿತು, ಧೈರ್ಯ ಬರಲಿಲ್ಲ. ನಾಲ್ಕು ದಿನ ಬಿಟ್ಟು ಅವಳೇ ನೋಡಿ ಎದೆ ಬಡಿದುಕೊಂಡಳು. "ಅಯ್ಯ ಶಿವನ, ಇಲಿ ಕಡದೈತಲ್ರೀ! ಟ್ರಂಕಿನ್ಯಾಗ ಕೊಬ್ಬರಿ ಬಟ್ಟಲಾ ಇಟ್ಟಿದ್ದೆ. ನಂದs ತಪ್ಪು!" ಆ ಕ್ಷಣದಲ್ಲಿ ನಾನು ಬಾಯಿ ತೆರೆದದ್ದು ನಿಜ. ಆದರೆ ಬಾಯಿಂದ ಬಂದದ್ದು, "ಇರಲಿ ಬಿಡು, ಇಲಿಗೇನ ತಿಳೀತೈತಿ" ಎಂಬ ಮಾತು. ದೊಡ್ಡ ಮನಸ್ಸಿನ ಗಂಡ ಎಂಬ ಕೀರ್ತಿಯೂ ಬಂತು.

ಅವಳು ಸಂತೆಯಿಂದ ಕಟ್ಟಿಗೆಯ ಇಲಿಬೋನು ತಂದಳು. ಮೂರನೇ ದಿನಕ್ಕೆ ಒಂದು ಇಲಿ ಬಿತ್ತು. ಕೊಲ್ಲಲು ಮನಸ್ಸಾಗದೆ, "ಕಾಳಿ ಹೊಳಿ ದಾಟಿಸಿ ಬಿಟ್ಟ ಬರ್ರಿ" ಎಂದು ಬೋನನ್ನು ನನ್ನ ಕೈಗೆ ಕೊಟ್ಟಳು. ಮಾಡಿದವನು ನಾನು, ಗಡಿಪಾರಾದದ್ದು ಅದು. ಕರೆದುಕೊಂಡು ಹೋದವನೂ ನಾನೇ. ಸೇತುವೆಯ ಉದ್ದಕ್ಕೂ ಅದು ಸರಳುಗಳ ಸಂದಿಯಿಂದ ನನ್ನನ್ನೇ ನೋಡುತ್ತಿತ್ತು. ಆಚೆ ದಡದಲ್ಲಿ ಬಾಗಿಲು ಎತ್ತಿದೆ. ನಮ್ಮ ಮನೆಯಿಂದ ಮೊದಲು ಪರದೇಶ ಕಂಡದ್ದು ಅದೇ, ಅದೂ ಪಾಸ್‌ಪೋರ್ಟಿಲ್ಲದೆ.

ಹೀಗೆ ಹತ್ತು ವರ್ಷ ಕಳೆದವು. ಇತ್ತೀಚೆಗೆ ಶಕುಂತಲೆಯ ಜೊತೆ ಕೆಲಸ ಮಾಡಿದ ಹಳಿಯಾಳ ಕಡೆಯ ಫಿಲೋಮಿನಾ ಅಕ್ಕೋರು ಒಂದು ಸುದ್ದಿ ತಂದರು. ನಿವೃತ್ತ ಶಿಕ್ಷಕಿಯರೆಲ್ಲ ಸೇರಿ, ಜೊತೆಗೆ ಗಂಡಂದಿರನ್ನೂ ಕಟ್ಟಿಕೊಂಡು, ಮುಂಬಯಿಯಿಂದ ಶ್ರೀಲಂಕಾಕ್ಕೆ ಹಡಗಿನಲ್ಲಿ ಹೋಗುವುದು. ಶಕುಂತಲೆಯ ಮುಖ ನೋಡಬೇಕಿತ್ತು. ಅವಳಿಗೆ ಹಡಗಿನ ಒಂದು ಹಳೆಯ ಋಣವಿದೆ. ಮೂವತ್ತು ವರ್ಷ "ಹ ಅಂದ್ರ ಹಡಗ" ಎಂದು ಬೋರ್ಡಿನ ಮೇಲೆ ಹಡಗು ಬರೆದು ಕಲಿಸಿದವಳು. ಒಮ್ಮೆ ಜೋಯಿಡಾ ಕಡೆಯಿಂದ ಬಂದು ಸೇರಿದ್ದ ಹುಡುಗಿಯೊಬ್ಬಳು ಎದ್ದು ನಿಂತು, "ಅಕ್ಕೋರ, ನೀವು ಹಡಗದಾಗ ಕುಂತೀರೇನ್ರಿ?" ಎಂದು ಕೇಳಿದಳಂತೆ. ಹೊಳೆಯ ದೋಣಿ ಬಿಟ್ಟು ಬೇರೇನೂ ಹತ್ತದ ಇವಳು, "ಹೂಂ, ಕುಂತೇನಿ" ಎಂದುಬಿಟ್ಟಳು. ಎಲ್ಲ ಮಕ್ಕಳೂ ಚಪ್ಪಾಳೆ ತಟ್ಟಿದವಂತೆ. "ಮಕ್ಕಳ ಮುಂದ ಸುಳ್ಳ ಹೇಳೇನ್ರಿ. ಸಾಯೂದ್ರಾಗ ಒಮ್ಮೆ ಕುಂತು ಅದನ್ನ ಖರೇ ಮಾಡಬೇಕು" ಎಂದು ಅವಳು ಎಷ್ಟೋ ಸಲ ಹೇಳಿದ್ದಳು.

ಟಿಕೆಟ್ ಆಯಿತು. ಆಮೇಲೆ ಒಂದು ದಿನ ಫಿಲೋಮಿನಾ ಅಕ್ಕೋರು ಫೋನಿನಲ್ಲಿ ನಿಯಮ ಓದಿ ಹೇಳಿದರು: ಹಡಗು ಹತ್ತುವಾಗ ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಆಯುಷ್ಯ ಇರಬೇಕು. ಎಪ್ಪತ್ತಾದ ನನ್ನ ಆಯುಷ್ಯದ ಬಗ್ಗೆ ಯಾರೂ ಕೇಳಲಿಲ್ಲ. ನಮ್ಮ ಪಾಸ್‌ಪೋರ್ಟುಗಳಿಗೆ ಉಳಿದದ್ದು ನಾಲ್ಕೇ ತಿಂಗಳು. ಹಡಗಿಗೆ ಉಳಿದದ್ದು ಆರು ವಾರ. ಎರಡನ್ನೂ ಹೊಸದು ಮಾಡಿಸಲು ಹುಬ್ಬಳ್ಳಿಯ ಕಚೇರಿಗೆ ಹೊರಟೆವು. "ಇಲಿ ಕಡದದ್ದಕ್ಕ ಏನಂತಾರೋ ಏನೋ. ನಿಮ್ಮದು ಆಗಲಿಲ್ಲಂದ್ರ ನಾನೂ ಹೋಗಂಗಿಲ್ಲ" ಎಂದು ಶಕುಂತಲಾ ಬಸ್ಸಿನ ಉದ್ದಕ್ಕೂ ಹೇಳುತ್ತ ಬಂದಳು. ನನಗೆ ಕೂತ ಸೀಟು ಮುಳ್ಳಾಗಿತ್ತು.

ಮೇಜಿನ ಆಚೆ ಕೂತಿದ್ದ ಅಧಿಕಾರಿ ಮೊಮ್ಮಗಳ ವಯಸ್ಸಿನವಳು, ನಗುಮುಖದವಳು. ಶಕುಂತಲೆಯದು ಎರಡು ನಿಮಿಷದಲ್ಲಿ ಮುಗಿಯಿತು. ನನ್ನದರ ಪುಟ ತಿರುಗಿಸುತ್ತ ಹೋದವಳು ನಿಂತಳು. "ಏನಾಗೇತ್ರಿ ಸರ್ ಇದಕ್ಕ?"

ನಾನು ಬಾಯಿ ತೆರೆಯುವ ಮೊದಲೇ ಶಕುಂತಲಾ ಎದ್ದು ನಿಂತಳು. ಶಾಲೆಯಲ್ಲಿ ಮಕ್ಕಳು ನಿಲ್ಲುವ ಹಾಗೆ ಕೈ ಕಟ್ಟಿಕೊಂಡು, "ಅವರದೇನೂ ತಪ್ಪಿಲ್ರಿ ಮೇಡಂ. ನಾನs ಟ್ರಂಕಿನ್ಯಾಗ ಕೊಬ್ಬರಿ ಜೋಡಿ ಇಟ್ಟಿದ್ದೆ, ಇಲಿ ಕಡದೈತಿ. ದಂಡಾ ಹಾಕೂದಿದ್ರ ನನಗs ಹಾಕ್ರಿ" ಎಂದಳು.

ಅಧಿಕಾರಿ ಎರಡೂ ಪಾಸ್‌ಪೋರ್ಟುಗಳನ್ನು ಪಕ್ಕಪಕ್ಕ ಇಟ್ಟು ನೋಡಿದಳು. "ಎರಡೂ ಒಂದs ಟ್ರಂಕಿನ್ಯಾಗ ಇದ್ವೇನ್ರಿ ಅಮ್ಮಾರ? ನಿಮ್ಮದು ಮುಟ್ಟೇ ಇಲ್ಲಲ್ಲ ಇಲಿ. ಇವರದರಾಗೂ ಒಂದs ಹಾಳಿ ತಿಂದೈತಿ, ಅದೂ ಎಷ್ಟ ನಾಜೂಕಾಗಿ!" ಕುಂಬಳಕಾಯಿ ಕಳ್ಳನ ಹಾಗೆ ನನ್ನ ಕೈ ತಾನಾಗಿಯೇ ಜೇಬಿನೊಳಗೆ ಹೋಯಿತು. ಪಕ್ಕದಲ್ಲಿ ಶಕುಂತಲಾ ಇನ್ನೂ ಕೈ ಕಟ್ಟಿಕೊಂಡೇ ನಿಂತಿದ್ದಳು. ಅರವತ್ತಾರು ವರ್ಷದ ಹೆಂಗಸು, ತಾನು ಮಾಡದ ತಪ್ಪಿಗೆ ದಂಡ ಕೇಳುತ್ತ. ಅವತ್ತಿನಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

"ಇಲಿ ಅಲ್ರಿ, ನಾನು" ಎಂದೆ.

ಮಿಲ್ಲು, ಸಾವಂತ ಮಾಮಾ, ಮೂರು ಪರೀಕ್ಷೆ, ಎಲ್ಲ ಹೇಳಿದೆ. ಅಧಿಕಾರಿ ನಗು ತಡೆದುಕೊಂಡು, ಹೇಗೆ ಹಾಳಾಯಿತೆಂದು ಬರೆದುಕೊಡಲು ಒಂದು ಹಾಳೆ ಕೊಟ್ಟಳು. "ಕಾಗದದ ಗುಣಮಟ್ಟ ಪರೀಕ್ಷಿಸಲು ನಾನೇ ಹರಿದೆ" ಎಂದು ಬರೆದು ಸಹಿ ಮಾಡಿದೆ. ಅವಳು ಎರಡು ಸಲ ಓದಿದಳು. "ಮತ್ತ ಹೆಂಗೈತ್ರಿ ಸರ್ ನಮ್ಮ ಕಾಗದಾ?" "ಭಾಳ ಛಲೋ ಐತ್ರಿ ಮೇಡಂ" ಎಂದೆ. ಹಳೆಯದನ್ನು ರದ್ದು ಮಾಡಿ, ಅದರ ಮೂಲೆ ಕತ್ತರಿಸಿ ನನಗೇ ಹಿಂದಕ್ಕೆ ಕೊಟ್ಟರು. ನಾನು ಉಗುರಿನಲ್ಲಿ ಮಾಡಿದ್ದನ್ನು ಸರ್ಕಾರ ಕತ್ತರಿಯಲ್ಲಿ ಮಾಡಿತು. ಪೊಲೀಸರು ಮನೆಗೆ ಬಂದು ವಿಚಾರಿಸಿದ ಮೇಲೆ ಹೊಸದು ಬರುತ್ತದೆ, ಎಷ್ಟು ದಿನ ಹಿಡಿಯುತ್ತದೋ ಹೇಳಲಾಗದು ಎಂದರು.

ವಾಪಸ್ಸು ಬರುವಾಗ ಶಕುಂತಲಾ ಕಿಟಕಿಯ ಹೊರಗಿನ ಬೋರ್ಡುಗಳನ್ನೇ ಓದುತ್ತ ಕೂತಳು. ಹಳಿಯಾಳದಲ್ಲಿ ನಾನು ಇಳಿದು ಬಿಸಿ ಮಿರ್ಚಿ ಭಜಿ ತಂದು ಕೊಟ್ಟೆ. ಕಿಟಕಿಯ ಕಡೆ ಮುಖ ಮಾಡಿಯೇ ತಿಂದಳು. ಪೊಟ್ಟಣದ ಕಾಗದ ನನ್ನ ಕೈಗೆ ಬಾರದ ಹಾಗೆ ಮುದ್ದೆ ಮಾಡಿ ತನ್ನ ಚೀಲಕ್ಕೆ ಹಾಕಿಕೊಂಡಳು. ಕಾಡಿನ ದಾರಿ ಶುರುವಾದ ಮೇಲೆ ಒಮ್ಮೆಲೇ ನನ್ನ ಕಡೆ ತಿರುಗಿದಳು.

"ಆ ಇಲಿಗೆ ಹೆಂಡ್ರು ಮಕ್ಕಳು ಇದ್ದವೋ ಏನೋ."

"ಇದ್ದಿರಬೇಕು" ಎಂದೆ.

"ಹತ್ತ ವರ್ಷ ಟ್ರಂಕಿನ್ಯಾಗ ತಿನ್ನೂದು ಏನೂ ಇಟ್ಟಿಲ್ಲ ನಾ. ಬಂದವರ ಮುಂದೆಲ್ಲಾ ನಂದs ತಪ್ಪು ಅಂತ ಹೇಳೇನಿ. ಬಾಜೂದಾಗ ಕುಂತು ನೀವು ಹೂಂ ಹೂಂ ಅಂದೀರಿ." ತಪ್ಪಾಯಿತು ಎಂದೆ. ಮದುವೆಯಾಗಿ ನಲವತ್ತು ವರ್ಷದಲ್ಲಿ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವಳ ಒಂದು ಸುಳ್ಳನ್ನು ಹಡಗು ಹತ್ತಿ ಖರೇ ಮಾಡಬಹುದಿತ್ತು. ನನ್ನದನ್ನು ಖರೇ ಮಾಡಲು ಯಾವ ಇಲಿಯ ಕಾಲು ಹಿಡಿಯಲಿ? ಈಗ ನನ್ನ ದೆಸೆಯಿಂದ ಅವಳ ಹಡಗೂ ತಪ್ಪುವ ಹಾಗಿತ್ತು.

ಪೊಲೀಸರು ಬಂದರು, ಓಣಿಯ ಕಂಡಕ್ಟರ್ ಸಾಹೇಬರನ್ನು ನಮ್ಮ ಬಗ್ಗೆ ಕೇಳಿದರು, ಹೋದರು. ವಾರಗಳು ಉರುಳಿದವು. ಶಕುಂತಲೆಯದು ಬಂತು, ನನ್ನದಿಲ್ಲ. ದಿನಾ ಅಂಚೆಯವನು ಬರುವ ಹೊತ್ತಿಗೆ ಇಬ್ಬರೂ ಕಟ್ಟೆಯ ಮೇಲೆ ಕೂರುತ್ತಿದ್ದೆವು, ನಡುವೆ ಒಂದಾಳಿನ ಜಾಗ ಬಿಟ್ಟು. ಹಡಗಿಗೆ ಒಂಬತ್ತು ದಿನ ಇರುವಾಗ, ಮೊನ್ನೆ, ಲಕೋಟೆ ಬಂತು. ಸಹಿ ನಾನು ಮಾಡಿದೆ. ಲಕೋಟೆ ಅವಳು ಇಸಿದುಕೊಂಡಳು. ಒಳಗೆ ಹೋಗಿ ಅಟ್ಟದಿಂದ ಆ ಹಳೇ ಇಲಿಬೋನು ಇಳಿಸಿ, ಧೂಳು ಒರೆಸಿ, ನನ್ನ ಪಾಸ್‌ಪೋರ್ಟನ್ನು ಅದರೊಳಗಿಟ್ಟು ಬಾಗಿಲು ಬೀಳಿಸಿದಳು. "ಇಲಿ ಒಳಗಿದ್ರ ಕಾಗದಾ ಹೊರಗಿಡಬೇಕು. ಇಲಿ ಹೊರಗೈತಿ ಅಂದ್ರ ಕಾಗದಾ ಒಳಗಿಡಬೇಕು" ಎಂದು ಬೋನನ್ನು ಕಪಾಟಿನ ಮೇಲಿಟ್ಟಳು. ನಕ್ಕಳು ಕೂಡ. ಆ ನಗು ಕಂಡು ನನಗೆ ಹೋದ ಜೀವ ಬಂದಂತಾಯಿತು.

ನಿನ್ನೆ ಸಂಜೆ ಅವಳಿಗೇ ಏನನ್ನಿಸಿತೋ, ಬೋನನ್ನು ಕಿಟಕಿಯ ಹತ್ತಿರ ತಂದು ಪಾಸ್‌ಪೋರ್ಟು ಹೊರಗೆ ತೆಗೆದಳು. "ಬರ್ರಿ. ಬೆಳಕಿಗಿ ಹಿಡೀರಿ, ಕಿವಿಗಿ ಹಿಡೀರಿ. ಮೂರನೇದ್ದು ಬ್ಯಾಡ" ಎಂದು ಪುಟಗಳ ಮೂಲೆಯನ್ನು ತಾನೇ ಬೆರಳಿನಲ್ಲಿ ಒತ್ತಿ ಹಿಡಿದುಕೊಂಡಳು. ಬೆಳಕಿಗೆ ಹಿಡಿದೆ. ಕಿವಿಗೆ ಹಿಡಿದೆ. ಅಷ್ಟು ವರ್ಷ ಯಂತ್ರಗಳ ನಡುವೆ ನಿಂತ ಕಿವಿ, ಈಗ ವಯಸ್ಸೂ ಆಗಿದೆ, ಏನೂ ಕೇಳಿಸಲಿಲ್ಲ.

"ಕೇಳಸ್ತೇನ್ರಿ?" ಎಂದಳು, ಒಂದನೇ ಇಯತ್ತೆಯ ಮಗುವನ್ನು ಕೇಳುವ ಹಾಗೆ.

"ಹೂಂ, ಹಪ್ಪಳದಂಗ" ಎಂದೆ.